ಲ್ಯಾಪ್‌ಟಾಪ್ ಜೊತೆ ಮಾರಿದ ವಿಂಡೋಸನ್ನು ನಮ್ಮ ಕೈಗೂ ಕೊಡಿ

ಗೆ,
ಭಾರತದಲ್ಲಿ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್ ಮಾರುವ ಕಂಪನಿಗಳ ಮುಖ್ಯಸ್ಥರಿಗೆ ಮತ್ತು ಅವನ್ನು ನಮ್ಮೂರ ತನಕ ತಲುಪಿಸುವ ಷೋರೂಮ್ ಮಾಲೀಕರಿಗೆ
ಪ್ರತಿ: ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಗೆ

ವಿಷಯ: ಕೊಂಡ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ ಮತ್ತೆ ಹಾಕಿಕೊಳ್ಳಲು ಗ್ರಾಹಕರ ಕೈಗೆ ಏನನ್ನೂ ಕೊಡದಿರುವ ಬಗ್ಗೆ

ಮಾನ್ಯರೇ,

ನಿಮ್ಮ ಲ್ಯಾಪ್‌ಟಾಪ್ ಕೊಂಡವರು ಅದರ ಬೆಲೆಯಲ್ಲೇ ವಿಂಡೋಸಿಗೂ ದುಡ್ಡು ಕೊಟ್ಟಿರುತ್ತಾರೆ. ಬಿಲ್ಲಿನಲ್ಲಿ ಅದಕ್ಕೆ ಬೇರೆ ಸಾಲು ಇರುವುದಿಲ್ಲವಾದ್ದರಿಂದ ಎಷ್ಟು ಕೊಟ್ಟೆವೆಂದು ಅವರಿಗೆ ತಿಳಿಯದು. ಕೊಟ್ಟಿದ್ದೇವೆ ಎಂಬುದೇ ಬಹಳ ಜನಕ್ಕೆ ತಿಳಿಯದು. ಒಂದು ದಿನ ಡಿಸ್ಕು ಕೈಕೊಡುತ್ತದೆ, ಇಲ್ಲವೇ ವೈರಸ್ ಹೊಕ್ಕು ಯಂತ್ರ ಏಳುವುದೇ ಇಲ್ಲ. ಆಗ ಆ ವಿಂಡೋಸ್ ಎಲ್ಲಿ ಎಂದು ಕೇಳಿದರೆ ಷೋರೂಮಿನವರು ಸರ್ವಿಸ್ ಸೆಂಟರಿನ ದಾರಿ ತೋರಿಸುತ್ತಾರೆ, ಸರ್ವಿಸ್ ಸೆಂಟರಿನವರು ಕಸ್ಟಮರ್ ಕೇರ್ ನಂಬರು ಬರೆದುಕೊಡುತ್ತಾರೆ, ಆ ನಂಬರಿನಲ್ಲಿ ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ ಎನ್ನುವ ಧ್ವನಿ ಕೇಳುತ್ತದೆ. ಕೊನೆಗೆ ಅವರು ಬಂದು ನಿಲ್ಲುವುದು ನನ್ನಂಥವನ ಅಂಗಡಿಯ ಮುಂದೆ.

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಬೋರ್ಡಿನ ಮೇಲೆ ಸಿಸಿಟಿವಿ, ಪ್ರಿಂಟರ್ ಇಂಕು, ಜೆರಾಕ್ಸ್ ಎಲ್ಲ ಬರೆಸಿದ್ದರೂ ಅಂಗಡಿ ಬಾಡಿಗೆ ಹುಟ್ಟುವುದು ಫಾರ್ಮ್ಯಾಟ್ ಕೆಲಸದಿಂದ. ಗಿರಾಕಿ ಬಂದು 'ಒಂದು ಫಾರ್ಮ್ಯಾಟ್ ಹೊಡ್ಕೊಡಿ' ಅಂದರೆ ವಿಂಡೋಸ್ ಹೊಸದಾಗಿ ಹಾಕಬೇಕು, ಡ್ರೈವರ್ ಹಾಕಬೇಕು, ಕನ್ನಡ ಟೈಪಿಂಗಿನ ನುಡಿ, ಬರಹ ಹಾಕಬೇಕು, ಪ್ರಿಂಟರ್ ಜೋಡಿಸಬೇಕು, ಮಗಳ ನಾಮಕರಣದ ಫೋಟೋ ಒಂದೂ ಹೋಗಬಾರದು. ಈ ಪತ್ರದಲ್ಲಿ ಕೇಳಿರುವುದು ನಡೆದರೆ ನನ್ನ ಗಿರಾಕಿಗಳು ಕಡಿಮೆಯಾಗುತ್ತಾರೆ. ಆಗಲಿ. ಅವರದೇ ದುಡ್ಡಿನ ವಸ್ತುವನ್ನು ಅವರಿಗೆ ವಾಪಸು ಹಾಕಿಕೊಡಲು ಕೂಲಿ ಎಣಿಸಿಕೊಳ್ಳುವಾಗ ಮುಜುಗರವಾಗುತ್ತದೆ.

ಮೊದಲು ಹೀಗಿರಲಿಲ್ಲ. ಎಕ್ಸ್‌ಪಿ ಕಾಲದಲ್ಲಿ ಬ್ರಾಂಡೆಡ್ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದರೆ ಬಹಳ ಸಲ ಒಂದು ಸಿಡಿ ಸಿಗುತ್ತಿತ್ತು. ಕ್ಯಾಬಿನೆಟ್ಟಿನ ಪಕ್ಕಕ್ಕೋ ಲ್ಯಾಪ್‌ಟಾಪಿನ ಅಡಿಗೋ 25 ಅಕ್ಷರ-ಅಂಕಿಗಳ ಕೀ ಅಚ್ಚಾದ ಸ್ಟಿಕ್ಕರ್ ಇರುತ್ತಿತ್ತು. ತೊಡೆಯ ಮೇಲೆ ಇಟ್ಟೂ ಇಟ್ಟೂ ಸವೆದುಹೋದ ಸ್ಟಿಕ್ಕರಿಗೆ ಟಾರ್ಚ್ ಬಿಟ್ಟು, ಇದು ಎಂಟೋ ಇಂಗ್ಲಿಷಿನ ಬಿ-ಯೋ ಎಂದು ಕಣ್ಣು ಕಿರಿದು ಮಾಡಿಕೊಂಡು ಓದಿದವರಲ್ಲಿ ನಾನೂ ಒಬ್ಬ. ಆದರೂ ಕೊಂಡವನ ಕೈಯಲ್ಲಿ ಏನೋ ಒಂದು ಇತ್ತು. ಆಮೇಲೆ ಸಿಡಿ ನಿಂತಿತು. ಮೊದಲ ಸಲ ಆನ್ ಮಾಡಿದಾಗ 'ರಿಕವರಿ ಡಿವಿಡಿ ನೀವೇ ಬರ್ನ್ ಮಾಡಿಕೊಳ್ಳಿ' ಎಂಬ ಸೂಚನೆ ಮೂಲೆಯಲ್ಲಿ ಮಿನುಗತೊಡಗಿತು. ಮಾಡಿಕೊಂಡವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಮುಂದೆ ಡಿವಿಡಿ ಡ್ರೈವೇ ಮಾಯವಾಯಿತು. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ಸ್ಟಿಕ್ಕರಿನ ಕೀ ಕೂಡ ಹೋಗಿ ಮದರ್‌ಬೋರ್ಡಿನ ಚಿಪ್ಪಿನಲ್ಲಿ ಕುಳಿತಿತು.

ಕೀ ಬೋರ್ಡಿಗೆ ಹೋದದ್ದನ್ನು ನಾನು ದೂರುವುದಿಲ್ಲ. ನಿಜ ಹೇಳಬೇಕೆಂದರೆ ಅದು ಒಳ್ಳೆಯ ಏರ್ಪಾಡು. ಯಂತ್ರದ ಜೊತೆ ಬಂದ ಆವೃತ್ತಿಯನ್ನೇ ಮತ್ತೆ ಹಾಕಿದರೆ ಇನ್‌ಸ್ಟಾಲರ್ ತಾನೇ ಆ ಕೀ ಓದಿಕೊಳ್ಳುತ್ತದೆ, ನೆಟ್ ಸಿಕ್ಕ ಕೂಡಲೇ ಆಕ್ಟಿವೇಟ್ ಆಗುತ್ತದೆ, ಯಾರಿಗೂ ಇನ್ನೊಂದು ಪೈಸೆ ಕೊಡಬೇಕಿಲ್ಲ. ಆದರೆ ಈ ಮಾತನ್ನು ನಿಮ್ಮ ಪೆಟ್ಟಿಗೆಯೊಳಗಿನ ಯಾವ ಚೀಟಿಯಲ್ಲಾದರೂ ಬರೆದಿದ್ದೀರಾ? ಹತ್ತಾರು ಭಾಷೆಗಳಲ್ಲಿ 'ಬ್ಯಾಟರಿಯನ್ನು ಬೆಂಕಿಗೆ ಎಸೆಯಬೇಡಿ' ಎನ್ನುವ ಸುರಕ್ಷತಾ ಪುಸ್ತಿಕೆ ಇರುತ್ತದೆ. ಕೊಂಡವನಿಗೆ ಪರವಾನಗಿ ಇದೆ, ಅದು ಬೋರ್ಡಿನಲ್ಲಿದೆ, ಇಂಥ ಆವೃತ್ತಿಯದು ಎಂಬ ಒಂದು ಸಾಲು ಇರುವುದಿಲ್ಲ. ಹಾಗಾಗಿ ಪರವಾನಗಿ ಇದ್ದವರೇ ಇಲ್ಲವೆಂದುಕೊಂಡು ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಬಿಕರಿಯಾಗುವ ಯಾವುದೋ ಕೀ ಕೊಳ್ಳುತ್ತಾರೆ. ಇನ್ನು ಕೆಲವರು ನನ್ನ ಮುಖ ನೋಡಿ, 'ಒರಿಜಿನಲ್ ಎಲ್ಲ ಬೇಡ ಸಾರ್, ನಡೆಯೋದು ಯಾವ್ದಾದ್ರೂ ಹಾಕಿ' ಅನ್ನುತ್ತಾರೆ. ನಿಮ್ಮಲ್ಲಿ ಒರಿಜಿನಲ್ಲೇ ಇದೆ ಎಂದರೆ ನಾನು ಹೆಚ್ಚು ಬಿಲ್ಲು ಮಾಡಲು ಹೇಳುತ್ತಿದ್ದೇನೆಂದು ಅನುಮಾನಪಡುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಿಡಿ ನಿಲ್ಲಿಸಿದಾಗ ಅದರ ಬದಲಿಗೆ ನೀವು ಕೊಟ್ಟದ್ದು ರಿಕವರಿ ಪಾರ್ಟಿಷನ್. ಅಂದರೆ ಡಿಸ್ಕಿನದೇ ಒಂದು ಭಾಗವನ್ನು ಮರೆಮಾಡಿ, ವಿಂಡೋಸನ್ನು ಮತ್ತೆ ಕಟ್ಟಲು ಬೇಕಾದ ಫೈಲುಗಳನ್ನು ಅಲ್ಲಿ ಇಟ್ಟಿರಿ. ವಿಂಡೋಸ್ ಹಾಳಾಗಿ ಡಿಸ್ಕು ಚೆನ್ನಾಗಿದ್ದರೆ ಇದು ಕೆಲಸ ಮಾಡುತ್ತದೆ, ಒಪ್ಪುತ್ತೇನೆ. ಡಿಸ್ಕೇ ಹೋದರೆ? ಕ್ರಯಪತ್ರದ ಮೂಲವನ್ನೂ ನಕಲನ್ನೂ ಒಂದೇ ಟ್ರಂಕಿನಲ್ಲಿಟ್ಟು, ಟ್ರಂಕಿಗೆ ಗೆದ್ದಲು ಹತ್ತಿದ ಮೇಲೆ ನಕಲು ಇದೆಯಲ್ಲ ಎಂದು ಸಮಾಧಾನ ಹೇಳಿದ ಹಾಗಾಯಿತು.

ಕ್ರಯಪತ್ರದ ಮಾತು ಸುಮ್ಮನೆ ಬರಲಿಲ್ಲ. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಕೂರುವ ಹಿರಿಯ ಪತ್ರ ಬರಹಗಾರರೊಬ್ಬರ ಲ್ಯಾಪ್‌ಟಾಪ್ ನನ್ನ ಮೇಜಿಗೆ ಬಂದಿತ್ತು. ಹೆಸರಾಂತ ಕಂಪನಿಯದು, ಜಿಲ್ಲಾ ಕೇಂದ್ರದ ಷೋರೂಮಿನಲ್ಲಿ ಕಂತಿನ ಮೇಲೆ ಕೊಂಡದ್ದು, ಒಂದು ವರ್ಷದ ವಾರಂಟಿ ಮುಗಿದಿತ್ತು. ಯಾವ ಕಂಪನಿ, ಯಾವ ಷೋರೂಮ್ ಎಂದು ಇಲ್ಲಿ ಬರೆಯುವುದಿಲ್ಲ. ಒಬ್ಬರ ಹೆಸರು ಹಾಕಿದರೆ ಉಳಿದವರೆಲ್ಲ ತಮಗಲ್ಲವೆಂದು ಪತ್ರ ಮಡಚಿಡುತ್ತೀರಿ. ಒಳಗಿನ ಎಸ್‌ಎಸ್‌ಡಿ ಪೂರ್ತಿ ಸತ್ತಿತ್ತು. ಅವರು ಮೊದಲು ಸರ್ವಿಸ್ ಸೆಂಟರಿಗೆ ಹೋಗಿ ಬಂದಿದ್ದರು. ಹೊಸ ಎಸ್‌ಎಸ್‌ಡಿಗೆ ಒಂದು ರೇಟು, 'ಓಎಸ್ ಲೋಡಿಂಗ್'ಗೆ ಇನ್ನೊಂದು ರೇಟು ಹೇಳಿದ್ದರಂತೆ. ವಿಂಡೋಸಿಗೆ ಆಗಲೇ ದುಡ್ಡು ಕೊಟ್ಟಿದ್ದೇನಲ್ಲ ಎಂದಿದ್ದಕ್ಕೆ, ಸಾಫ್ಟ್‌ವೇರ್ ವಾರಂಟಿಯಲ್ಲಿ ಬರುವುದಿಲ್ಲ ಎಂಬ ಉತ್ತರ.

'ನೋಡಪ್ಪಾ, ನಾಳೆ ಹತ್ತೂವರೆಗೆ ಪಾರ್ಟಿ ಬರ್ತಾರೆ. ದಾನಪತ್ರ ಅಷ್ಟರೊಳಗೆ ನೋಂದಣಿಯ ಕಾವೇರಿ ತಾಣಕ್ಕೆ ಅಪ್‌ಲೋಡ್ ಆಗಬೇಕು. ಹೇಗಾದ್ರೂ ಮಾಡಿ ಎಬ್ಬಿಸಿಕೊಡು' ಎಂದು ಬೆಂಚಿನ ಮೇಲೆ ಕುಳಿತರು.

ಹೊಸ ಎಸ್‌ಎಸ್‌ಡಿ ಕೂರಿಸುವುದು ಒಂದು ಸ್ಕ್ರೂ ಕೆಲಸ. ಮೈಕ್ರೋಸಾಫ್ಟ್ ತಾಣದಿಂದ ಇಳಿಸಿಕೊಂಡ ವಿಂಡೋಸ್ 11ರ ಪೆನ್‌ಡ್ರೈವ್ ನನ್ನ ಡ್ರಾಯರಿನಲ್ಲಿ ಸದಾ ಇರುತ್ತದೆ. ಚುಚ್ಚಿ, ಎಫ್12 ಒತ್ತಿ, ನೀಲಿ ಪರದೆ ಬಂತು, ಭಾಷೆ ಆರಿಸಿದೆ, ಮುಂದಕ್ಕೆ ಹೋದೆ. ಎಲ್ಲಿ ಹಾಕಬೇಕೆಂದು ಕೇಳುವ ಜಾಗದಲ್ಲಿ ಪಟ್ಟಿ ಖಾಲಿ. 'ಯಾವ ಡ್ರೈವೂ ಸಿಗಲಿಲ್ಲ, ಸ್ಟೋರೇಜ್ ಡ್ರೈವರ್ ಲೋಡ್ ಮಾಡಿ' ಎಂಬ ಒಂದು ಸಾಲು. ಎಸ್‌ಎಸ್‌ಡಿ ಅಲ್ಲೇ ಇದೆ, ಬಯಾಸಿನಲ್ಲಿ ಅದರ ಹೆಸರೂ ಕಾಣುತ್ತದೆ, ಇನ್‌ಸ್ಟಾಲರಿಗೆ ಮಾತ್ರ ಕಾಣುತ್ತಿಲ್ಲ. ಈ ಕೆಲಸದಲ್ಲಿ ಇರುವವರಿಗೆ ಇದರ ಕಾರಣ ಗೊತ್ತು. ಇಂಟೆಲ್‌ನ ಹನ್ನೊಂದನೇ ತಲೆಮಾರಿನ ಪ್ರೊಸೆಸರಿನಿಂದೀಚೆಗೆ ಅನೇಕ ಲ್ಯಾಪ್‌ಟಾಪುಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆಯನ್ನು ಆನ್ ಮಾಡಿ ಕಳಿಸುತ್ತೀರಿ. ಎಸ್‌ಎಸ್‌ಡಿ ಅದರ ಹಿಂದೆ ಅವಿತಿರುತ್ತದೆ. ಅದು ಆನ್ ಇರುವ ತನಕ ಇಂಟೆಲ್‌ನ ಡ್ರೈವರ್ ಕೊಟ್ಟರೆ ಮಾತ್ರ ಮುಖ ತೋರಿಸುತ್ತದೆ.

ಸರಿ, ಡ್ರೈವರ್ ತರೋಣ ಎಂದು ಆ ಮಾದರಿಯ ಸಪೋರ್ಟ್ ಪುಟಕ್ಕೆ ಹೋದೆ. ಡ್ರೈವರ್ ಅಲ್ಲಿದೆ, ಆದರೆ ಓಡಿಸಿ ಇನ್‌ಸ್ಟಾಲ್ ಮಾಡಬೇಕಾದ ಎಕ್ಸಿ ಫೈಲಿನ ರೂಪದಲ್ಲಿದೆ. ಅದು ಓಡುವುದು ವಿಂಡೋಸ್ ಒಳಗೆ. ವಿಂಡೋಸ್ ಹಾಕಲು ಈ ಡ್ರೈವರ್ ಬೇಕು, ಈ ಡ್ರೈವರ್ ಬಿಚ್ಚಲು ವಿಂಡೋಸ್ ಬೇಕು. ನನ್ನ ಹತ್ತಿರ ಇನ್ನೊಂದು ಕಂಪ್ಯೂಟರ್ ಇತ್ತು. ಆ ಫೈಲಿನ ಹೊಟ್ಟೆ ಬಗೆದು ಒಳಗಿನ ಡ್ರೈವರನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಮನೆಯಲ್ಲಿ ಒಂದೇ ಕಂಪ್ಯೂಟರ್ ಇರುವವರು, ಅದೂ ಸತ್ತು ಮಲಗಿರುವಾಗ, ಏನು ಮಾಡಬೇಕೆಂದು ನಿಮ್ಮ ಎಂಜಿನಿಯರುಗಳು ಯೋಚಿಸಿದ್ದಾರೋ ಕಾಣೆ.

ಡಿಸ್ಕು ಕಂಡಿತು, ಫೈಲುಗಳು ಇಳಿದವು, ಯಂತ್ರ ಒಮ್ಮೆ ಮಲಗಿ ಎದ್ದಿತು. ಈಗ ಮುಂದಿನ ಗೇಟು. 'ನೆಟ್‌ವರ್ಕಿಗೆ ಸೇರಿಸಿ' ಎಂದಿತು. ವೈಫೈ ಪಟ್ಟಿ ಖಾಲಿ, ಏಕೆಂದರೆ ಈ ಮಾದರಿಯ ವೈಫೈ ಚಿಪ್ಪಿಗೆ ಬೇಕಾದ ಡ್ರೈವರ್ ಮೈಕ್ರೋಸಾಫ್ಟಿನ ಪೆನ್‌ಡ್ರೈವಿನಲ್ಲಿ ಇಲ್ಲ. ತಂತಿ ಚುಚ್ಚೋಣವೆಂದರೆ ತೆಳ್ಳಗಿನ ಲ್ಯಾಪ್‌ಟಾಪ್ ಮಾಡುವ ಭರದಲ್ಲಿ ಲ್ಯಾನ್ ಪೋರ್ಟನ್ನು ನೀವು ಕಿತ್ತು ಹಾಕಿದ್ದೀರಿ. ವಿಂಡೋಸ್ 11 ಹೋಮ್ ಮೊದಲ ಸಲ ಏಳುವಾಗ ನೆಟ್ ಕೇಳುತ್ತದೆ, ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ, ಕೊಡದೆ ಒಳಗೆ ಬಿಡುವುದಿಲ್ಲ. ರಿಪೇರಿಯವರು ಬಳಸುತ್ತಿದ್ದ ಅಡ್ಡದಾರಿಗಳನ್ನೂ ಮೈಕ್ರೋಸಾಫ್ಟಿನವರು 2025ರಿಂದ ಒಂದೊಂದಾಗಿ ಮುಚ್ಚುತ್ತಿದ್ದಾರೆ. ನನ್ನ ಮೊಬೈಲನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ, ಟೆದರಿಂಗ್ ಆನ್ ಮಾಡಿ, ಅದರ ನೆಟ್ ಕೊಟ್ಟು ದಾಟಿಸಿದೆ. ಪತ್ರ ಬರಹಗಾರರು ಬೆಂಚಿನಿಂದಲೇ ಕೇಳಿದರು: 'ಅಲ್ಲಪ್ಪಾ, ಇದು ನನ್ನ ಮಷೀನೇ ತಾನೇ? ಇಷ್ಟು ಜನರ ಪರ್ಮಿಷನ್ ಯಾಕೆ?'

ಅದಾದ ಮೇಲೆ ನುಡಿ. ಪುಣ್ಯಕ್ಕೆ ಅವರು ಪತ್ರಗಳ ನಮೂನೆಗಳನ್ನೆಲ್ಲ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದರು. ತೆರೆದರೆ, ಕನ್ನಡ ಎಂದು ಟೈಪಾಗಿದ್ದ ಕಡೆ ಒಂದು ಇಂಗ್ಲಿಷ್ ಪಿ, ಅದರ ಪಕ್ಕ ತಲೆಯ ಮೇಲೆ ಗೆರೆ ಹೊತ್ತ ಎ, ಅದರ ಪಕ್ಕ ಬ್ರಿಟಿಷ್ ಪೌಂಡಿನ ಗುರುತು. ಯೂನಿಕೋಡಿಗೆ ಮೊದಲಿನ ನುಡಿ ಫಾಂಟಿನಲ್ಲಿ ಬರೆದ ಪತ್ರಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಹೀಗೇ ಕಾಣುವುದು. ಇದಕ್ಕೆ ನಿಮ್ಮನ್ನು ಹೊಣೆ ಮಾಡುವುದು ನ್ಯಾಯವಲ್ಲ; ಯೂನಿಕೋಡ್ ಬಂದು ಇಷ್ಟು ವರ್ಷವಾದರೂ ಹಳೆಯ ಫಾಂಟ್ ಬಿಡದ ನಮ್ಮ ಕಚೇರಿಗಳ ಜೊತೆ ಬೇರೆ ಜಗಳ ಇದೆ, ಇನ್ನೊಂದು ಪತ್ರಕ್ಕೆ ಇರಲಿ. ನುಡಿ ಹಾಕಿದೆ, ಪೌಂಡು ಹೋಗಿ ಅಕ್ಷರ ಬಂತು, ಅವರು ದಾನಪತ್ರದ ಚಕ್ಕುಬಂದಿ ತಿದ್ದಲು ಕುಳಿತರು. ಆದರೆ ಕಂಪ್ಯೂಟರ್ ಕೊಂಡವರಿಗೆ ವಿಂಡೋಸ್ ಮತ್ತೆ ಹಾಕುವುದೆಂದರೆ ಬರೀ ವಿಂಡೋಸ್ ಹಾಕುವುದಲ್ಲ, ಇಂಥ ಹತ್ತು ಕೆಲಸ ಅದರ ಬಾಲಕ್ಕೆ ಕಟ್ಟಿರುತ್ತದೆ ಎಂದು ನಿಮಗೆ ಗೊತ್ತಿರಲಿ. ಮೊದಲ ಗೇಟಿನಲ್ಲೇ ಅರ್ಧ ದಿನ ನೀವು ತಿಂದರೆ ಉಳಿದದ್ದಕ್ಕೆ ಹೊತ್ತೆಲ್ಲಿ?

ನಿಮ್ಮಲ್ಲಿ ಕೆಲವರು ಸೀರಿಯಲ್ ನಂಬರ್ ಕೊಟ್ಟರೆ ಆ ಮಾದರಿಯ ರಿಕವರಿ ಫೈಲುಗಳನ್ನು ನೆಟ್‌ನಿಂದ ಇಳಿಸಿಕೊಳ್ಳಲು ಬಿಡುತ್ತೀರಿ ಎಂಬುದು ಗೊತ್ತು. ಅದಕ್ಕೆ ಕೃತಜ್ಞತೆ. ಆದರೆ ಅದಕ್ಕೂ ನಡೆಯುತ್ತಿರುವ ಇನ್ನೊಂದು ವಿಂಡೋಸ್ ಕಂಪ್ಯೂಟರ್ ಬೇಕು, 16 ಅಥವಾ 32 ಜಿಬಿಯ ಪೆನ್‌ಡ್ರೈವ್ ಬೇಕು, ಹಲವು ಜಿಬಿ ಇಳಿಸುವಷ್ಟು ನೆಟ್ ಬೇಕು. ಹಳ್ಳಿಯಿಂದ ಬರುವ ನನ್ನ ಗಿರಾಕಿಗಳ ನೆಟ್ ಎಂದರೆ ಮೊಬೈಲಿನದು, ದಿನಕ್ಕೆ ಒಂದೂವರೆ ಇಲ್ಲವೇ ಎರಡು ಜಿಬಿ. ವಿಂಡೋಸ್ 11ರ ಐಎಸ್‌ಓ ಒಂದೇ ಐದು ಜಿಬಿ ದಾಟುತ್ತದೆ.

ಇಷ್ಟೆಲ್ಲ ಮಾಡಿ ನಿಮ್ಮ ರಿಕವರಿ ಫೈಲುಗಳಿಂದಲೇ ಯಂತ್ರವನ್ನು ಎಬ್ಬಿಸಿದರೆ ಏನು ವಾಪಸು ಬರುತ್ತದೆ? ಕೊಂಡ ದಿನ ಇದ್ದ ಕಸವೆಲ್ಲ ಬರುತ್ತದೆ. ಒಂದು ತಿಂಗಳು ಬಿಟ್ಟಿಯಾಗಿ ಕಾದು ಆಮೇಲೆ ದಿನವೂ ದುಡ್ಡು ಕೇಳುವ ಆಂಟಿವೈರಸ್, ಯಾರೂ ಆಡದ ಆಟ, ಹೆಸರಿನಲ್ಲಿ 'ಅಸಿಸ್ಟೆಂಟ್' ಎಂದಿದ್ದು ನಿಮ್ಮದೇ ವಾರಂಟಿ ವಿಸ್ತರಣೆ ಮಾರುವ ಸಾಫ್ಟ್‌ವೇರ್. ಮೊದಲೇ ತುಂಬಿ ಕಳಿಸುವ ಸಾಫ್ಟ್‌ವೇರಿನ ಮೇಲೆ ನಮಗೆ ನಂಬಿಕೆ ಕಡಿಮೆಯಾಗಿರುವುದಕ್ಕೆ ಕಾರಣವೂ ಇದೆ. ಲೆನೊವೊ ತನ್ನ ಕೆಲವು ಲ್ಯಾಪ್‌ಟಾಪುಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ಸಾಫ್ಟ್‌ವೇರ್ ತುಂಬಿ ಮಾರಿದ್ದು 2015ರ ಫೆಬ್ರುವರಿಯಲ್ಲಿ ಬಯಲಾಯಿತು. ಅದು ತನ್ನದೇ ಭದ್ರತಾ ಪ್ರಮಾಣಪತ್ರವನ್ನು ವಿಂಡೋಸಿನೊಳಗೆ ಕೂರಿಸಿ, ಬ್ಯಾಂಕಿನಂಥ ಬೀಗ ಹಾಕಿದ ತಾಣಗಳ ಸಂಪರ್ಕದ ನಡುವೆಯೂ ಕೈಹಾಕುವಂತಿತ್ತು. ಕಂಪನಿ ಅದನ್ನು ನಿಲ್ಲಿಸಿತು, ತೆಗೆಯುವ ದಾರಿಯನ್ನೂ ಕೊಟ್ಟಿತು. 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು 32 ರಾಜ್ಯಗಳ ಜೊತೆ ರಾಜಿಯಾಯಿತು. ಅಂದಿನಿಂದ ಹೊಸ ಲ್ಯಾಪ್‌ಟಾಪ್ ತಂದ ದಿನವೇ ಎಲ್ಲ ಅಳಿಸಿ ಬರೀ ವಿಂಡೋಸ್ ಹಾಕಿಕೊಡಿ ಎನ್ನುವ ಗಿರಾಕಿಗಳೂ ಬರುತ್ತಾರೆ. ಅವರದು ಅತಿ ಅನುಮಾನ ಎಂದು ನಾನು ಹೇಳಲಾರೆ.

ನಮ್ಮ ಕಡೆ ಮಾರುವ ಲ್ಯಾಪ್‌ಟಾಪುಗಳ ಇನ್ನೊಂದು ಚಮತ್ಕಾರ 'ಹೋಮ್ ಸಿಂಗಲ್ ಲ್ಯಾಂಗ್ವೇಜ್' ಎಂಬ ಆವೃತ್ತಿ. ಇಪ್ಪತ್ತೆರಡು ಭಾಷೆಗಳನ್ನು ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಬರೆದುಕೊಂಡ ದೇಶದಲ್ಲಿ ಒಂದೇ ಭಾಷೆಯ ಪರವಾನಗಿ ಹಂಚುವ ಬುದ್ಧಿ ಯಾರಿಗೆ ಹೊಳೆಯಿತೋ. ಪರದೆಯ ಭಾಷೆಯನ್ನು ಬದಲಿಸಹೋದರೆ ನಿಮ್ಮ ಪರವಾನಗಿಗೆ ಒಂದೇ ಭಾಷೆ ಎಂದು ತಡೆಯುತ್ತದೆ. ಷೋರೂಮಿನಲ್ಲಿ ಪ್ರೊಸೆಸರ್, ರ‍್ಯಾಮ್, ಪರದೆಯ ಅಗಲ ಎಲ್ಲ ಬೋರ್ಡು ಬರೆದು ನಿಲ್ಲಿಸಿರುತ್ತಾರೆ. ಈ ಒಂದು ಸಂಗತಿ ಮಾತ್ರ ಸೆಟ್ಟಿಂಗ್ಸ್ ಒಳಗೆ ಹೋಗಿ ಹುಡುಕಿದವರಿಗೆ. ಹಾಕುವವನು ಈ ಆವೃತ್ತಿ ಬಿಟ್ಟು ಪ್ರೊ ಹಾಕಿಬಿಟ್ಟರೆ ಬೋರ್ಡಿನ ಕೀ ಅದಕ್ಕೆ ಒಗ್ಗುವುದಿಲ್ಲ, ಆಕ್ಟಿವೇಟ್ ಆಗುವುದಿಲ್ಲ, ಅಲ್ಲಿಗೆ ಕ್ರ್ಯಾಕ್ ಹುಡುಕಾಟ ಶುರು. ದುಡ್ಡು ಕೊಟ್ಟವನು ಕಳ್ಳ ವಿಂಡೋಸ್ ಬಳಸುವವನಾಗುವುದು ಹೀಗೆ.

ಷೋರೂಮ್ ಮಾಲೀಕರಿಗೆ ಎರಡು ಮಾತು ಬೇರೆಯಾಗಿ ಹೇಳಬೇಕು. ಲ್ಯಾಪ್‌ಟಾಪ್ ಕೊಳ್ಳಲು ಬಂದ ಹಳ್ಳಿಯವರಿಗೆ, ವಯಸ್ಸಾದವರಿಗೆ ಮೈಕ್ರೋಸಾಫ್ಟ್ ಖಾತೆ ಎಂದರೆ ಏನೆಂದು ತಿಳಿದಿರುವುದಿಲ್ಲ. ನಿಮ್ಮ ಹುಡುಗರು ಮಾರಾಟ ಮುಗಿಸುವ ಆತುರದಲ್ಲಿ ತಾವೇ ಒಂದು ಖಾತೆ ತೆರೆದು, ತಮ್ಮದೇ ಮೊಬೈಲಿಗೆ ಓಟಿಪಿ ತರಿಸಿಕೊಂಡು, ಪಾಸ್‌ವರ್ಡ್ ಏನೋ ಕೊಟ್ಟು, 'ಆಯ್ತು ಸಾರ್, ರೆಡಿ' ಎಂದು ಕಳಿಸುತ್ತಾರೆ. ಈಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಆ ಖಾತೆಯಿಂದ ಒಳಹೊಕ್ಕ ಕೂಡಲೇ ಡಿಸ್ಕಿಗೆ ಎನ್‌ಕ್ರಿಪ್ಷನ್ ಬೀಗ ತಾನಾಗಿ ಬೀಳುತ್ತದೆ. ಆ ಬೀಗ ತೆಗೆಯುವ 48 ಅಂಕಿಗಳ ರಿಕವರಿ ಕೀ ಹೋಗಿ ಕೂರುವುದೂ ಆ ಖಾತೆಯಲ್ಲೇ. ಮುಂದೆ ಯಾವತ್ತೋ ಬಯಾಸ್ ಅಪ್‌ಡೇಟ್ ಆದರೆ, ಮದರ್‌ಬೋರ್ಡ್ ಬದಲಾದರೆ, ಪರದೆಯ ಮೇಲೆ ಆ 48 ಅಂಕಿ ಕೇಳುವ ನೀಲಿ ಪುಟ ಬಂದು ನಿಲ್ಲುತ್ತದೆ. ಖಾತೆ ತೆರೆದ ಹುಡುಗ ಆಗಲೇ ಕೆಲಸ ಬಿಟ್ಟು ಬೆಂಗಳೂರು ಸೇರಿರುತ್ತಾನೆ. ಪ್ರಾಜೆಕ್ಟ್ ವರದಿಯನ್ನು ಹೀಗೆ ಬೀಗದೊಳಗೆ ಬಿಟ್ಟು, ಎಲ್ಲ ಅಳಿಸಿ ಹೊಸದಾಗಿ ಹಾಕಿ ಎಂದು ಅಳುಮುಖ ಮಾಡಿ ಹೇಳಿದ ಡಿಗ್ರಿ ಕಾಲೇಜಿನ ಹುಡುಗಿ ನನ್ನ ಕಣ್ಣ ಮುಂದಿದ್ದಾಳೆ. ಕಳ್ಳರಿಂದ ಕಾಯಲು ಹಾಕಿದ ಬೀಗ ಒಳ್ಳೆಯದೇ. ಕೀ ಎಲ್ಲಿದೆ ಎಂದು ಯಜಮಾನನಿಗೇ ಹೇಳದಿದ್ದರೆ ಕಳ್ಳನಿಗೂ ಅವನಿಗೂ ಏನು ಅಂತರ?

'ಡಾಸ್ ಲ್ಯಾಪ್‌ಟಾಪ್' ಮಾರಾಟದ ಬಗ್ಗೆಯೂ ನಿಮಗೆ ಗೊತ್ತಿದೆ. ವಿಂಡೋಸ್ ಇಲ್ಲದ ಯಂತ್ರವನ್ನು ಕಡಿಮೆ ಬೆಲೆಗೆ ತೋರಿಸಿ, ಅದರ ಮೇಲೆ ನಿಮ್ಮಲ್ಲೇ ಕ್ರ್ಯಾಕ್ ವಿಂಡೋಸ್, 'ಲೈಫ್‌ಟೈಮ್ ಆಫೀಸ್' ತುಂಬಿಕೊಟ್ಟು, ಅದೂ ಆಫರಿನ ಭಾಗವೆಂದು ಹೇಳುವವರು ನಿಮ್ಮ ನಡುವೆ ಇದ್ದಾರೆ. ಅವರು ಮಾರಿದ್ದನ್ನೂ ನಾನೇ ರಿಪೇರಿ ಮಾಡುತ್ತೇನೆ. ವಿಂಡೋಸ್ ಬೇಡವೆಂದು ತಿಳಿದೇ ಕೊಳ್ಳುವವರಿಗೆ ವಿಂಡೋಸ್ ಇಲ್ಲದ ಲ್ಯಾಪ್‌ಟಾಪ್ ಸಿಗುವುದು ಒಳ್ಳೆಯದೇ. ತಿಳಿಯದವರ ತಲೆಗೆ ಕಟ್ಟುವುದು ಬೇರೆ ಮಾತು.

ಬೇಡದ ವಿಂಡೋಸಿನ ದುಡ್ಡು ವಾಪಸು ಕೊಡಿ ಎಂಬ ಕೂಗು ಇಂದು ನಿನ್ನೆಯದಲ್ಲ. 1999ರ ಫೆಬ್ರುವರಿ 15ರಂದು ಕ್ಯಾಲಿಫೋರ್ನಿಯಾದಲ್ಲಿ ಲಿನಕ್ಸ್ ಬಳಸುವವರು ಮೈಕ್ರೋಸಾಫ್ಟ್ ಕಚೇರಿಗೇ ಮೆರವಣಿಗೆ ಹೋಗಿದ್ದರು. ಇಟಲಿಯ ಅತ್ಯುನ್ನತ ನ್ಯಾಯಾಲಯ 2014ರಲ್ಲಿ ಗ್ರಾಹಕನೊಬ್ಬನ ಮರುಪಾವತಿಯ ಹಕ್ಕನ್ನು ಎತ್ತಿಹಿಡಿಯಿತು. ಎರಡು ವರ್ಷದ ಮೇಲೆ ಐರೋಪ್ಯ ಒಕ್ಕೂಟದ ನ್ಯಾಯಾಲಯ ಫ್ರಾನ್ಸಿನ ಪ್ರಕರಣವೊಂದರಲ್ಲಿ, ಸಾಫ್ಟ್‌ವೇರ್ ಸಮೇತ ಕಂಪ್ಯೂಟರ್ ಮಾರುವುದು ತನ್ನಷ್ಟಕ್ಕೆ ಅನ್ಯಾಯದ ವ್ಯಾಪಾರವಲ್ಲ ಎಂದಿತು. ಹಾಗಾಗಿ ಒಟ್ಟಿಗೆ ಮಾರುವುದೇ ತಪ್ಪು ಎಂದು ನಾನು ವಾದಿಸುತ್ತಿಲ್ಲ. ಒಟ್ಟಿಗೇ ಮಾರಿ. ಮಾರಿದ ಮೇಲೆ ಎರಡನ್ನೂ ಕೊಡಿ.

ಈ ಪತ್ರಕ್ಕೆ ಈಗಲೇ ಅವಸರ ಏಕೆಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ. ಅಲ್ಲಿಂದೀಚೆಗೆ ಅಂಗಡಿಗೆ ಬರುವವರಲ್ಲಿ ಅರ್ಧ ಜನರ ಪ್ರಶ್ನೆ ಇದೇ: ಹಳೆಯ ಕಂಪ್ಯೂಟರಿಗೆ ಹನ್ನೊಂದು ಹಾಕಬಹುದಾ? ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ, ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಬಹುತೇಕ ಯಂತ್ರಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಒಪ್ಪುವ ಯಂತ್ರಗಳಲ್ಲಿಯೂ ಅನೇಕರು ಹಳೆಯದನ್ನು ಅಳಿಸಿ ಹೊಸದಾಗಿ ಹಾಕಿಕೊಳ್ಳಲು ಬಯಸುತ್ತಾರೆ. ಉಳಿದವರಿಗೆ ನಾನು ಲಿನಕ್ಸ್ ಹಾಕಿಕೊಡುತ್ತೇನೆ. ಟ್ಯಾಲಿ, ಹಳೆಯ ಪ್ರಿಂಟರ್ ಎನ್ನುವ ಹಟ ಇಲ್ಲದವರಿಗೆ ಅದು ಚೆನ್ನಾಗಿಯೇ ನಡೆಯುತ್ತದೆ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳೇ ಲಿನಕ್ಸಿನ ಮೇಲೆ ಓಡುತ್ತವೆ. ಗಮನಿಸಿ, ಆ ಲಿನಕ್ಸ್ ಪೆನ್‌ಡ್ರೈವ್ ಹಾಕಿದರೆ ಬಹುತೇಕ ಯಂತ್ರಗಳಲ್ಲಿ ವೈಫೈ ತಾನಾಗಿ ಏಳುತ್ತದೆ, ಖಾತೆ ಕೇಳುವುದಿಲ್ಲ. ಪುಕ್ಕಟೆ ಕೊಡುವವರಿಗೆ ಸಾಧ್ಯವಾದದ್ದು ದುಡ್ಡು ತೆಗೆದುಕೊಂಡವರಿಗೆ ಆಗುವುದಿಲ್ಲವೆಂದರೆ ನಾನು ನಂಬುವುದಿಲ್ಲ.

ಇಲಾಖೆಯವರೇ, ನಿಮ್ಮಲ್ಲಿಯೂ ಒಂದು ಬಿನ್ನಹ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಳ್ಳುವ ವಸ್ತುವಿನ ಗುಣ, ಪ್ರಮಾಣ, ಬೆಲೆಗಳನ್ನು ತಿಳಿಯುವ ಹಕ್ಕನ್ನು ನಮಗೆ ಕೊಟ್ಟಿದೆ. 2022ರ ಜುಲೈಯಲ್ಲಿ ರಿಪೇರಿ ಹಕ್ಕಿನ ಬಗ್ಗೆ ನೀವು ಸಮಿತಿ ಮಾಡಿದಿರಿ, ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ಅದಕ್ಕೆ ಜಾಲತಾಣವನ್ನೂ ತೆರೆದಿರಿ. ಬಿಡಿಭಾಗ ಸಿಗಬೇಕು, ಕೈಪಿಡಿ ಸಿಗಬೇಕು, ಹೊರಗಿನ ರಿಪೇರಿಯವರಿಗೂ ಅವಕಾಶವಿರಬೇಕು ಎಂಬ ನಿಮ್ಮ ಮಾತು ನನ್ನಂಥವರಿಗೆ ಹಾಲು ಕುಡಿದಷ್ಟು ಸಂತೋಷ ಕೊಟ್ಟಿತ್ತು. ಕಂಪ್ಯೂಟರಿನ ಮಟ್ಟಿಗೆ ಆಪರೇಟಿಂಗ್ ಸಿಸ್ಟಮ್ ಕೂಡ ಬಿಡಿಭಾಗವೇ. ಕೀಬೋರ್ಡ್ ಸಿಕ್ಕಿ, ಬ್ಯಾಟರಿ ಸಿಕ್ಕಿ, ಡಿಸ್ಕ್ ಸಿಕ್ಕಿ, ಅದನ್ನು ಏಳಿಸುವ ಸಾಫ್ಟ್‌ವೇರ್ ಸಿಗದಿದ್ದರೆ ರಿಪೇರಿ ಎಲ್ಲಿ ಮುಗಿಯಿತು? ಲ್ಯಾಪ್‌ಟಾಪ್ ಮಾರುವವರು ಆ ತಾಣಕ್ಕೆ ಕೊಡಬೇಕಾದ ಮಾಹಿತಿಯಲ್ಲಿ ಪ್ರತಿ ಮಾದರಿಯ ರಿಕವರಿ ಫೈಲು, ಬಿಚ್ಚಿದ ರೂಪದ ಡ್ರೈವರುಗಳು ಇರಬೇಕೆಂದು ಒಂದು ಸಾಲು ಸೇರಿಸಿ. 1915ಕ್ಕೆ ಫೋನ್ ಮಾಡಿ ದೂರು ಕೊಡಿ ಎಂದು ನಾನು ಗಿರಾಕಿಗಳಿಗೆ ಹೇಳುತ್ತಲೇ ಇರುತ್ತೇನೆ. ಆದರೆ ನಾಳೆ ಹತ್ತೂವರೆಗೆ ಯಂತ್ರ ಬೇಕಾದವರು ದೂರು ಕೊಡಲು ನಿಲ್ಲುವುದಿಲ್ಲ, ಯಾರ ಹತ್ತಿರ ಯಾವ ವಿಂಡೋಸ್ ಸಿಕ್ಕರೆ ಅದನ್ನು ಹಾಕಿಸಿಕೊಂಡು ಹೋಗುತ್ತಾರೆ.

ಕಂಪನಿಯವರು ಮಾಡಬೇಕಾದದ್ದು ಬಹಳ ಇಲ್ಲ. ಪೆಟ್ಟಿಗೆಯಲ್ಲಿ ಒಂದು ಪೆನ್‌ಡ್ರೈವ್ ಇಡಿ. ಐವತ್ತು ಸಾವಿರದ ಲ್ಯಾಪ್‌ಟಾಪಿನ ಜೊತೆ ಬ್ಯಾಗು, ಮೌಸು, ಹಬ್ಬದ ಸಮಯದಲ್ಲಿ ಇಯರ್‌ಫೋನು ಕೊಡುವವರಿಗೆ ಅದು ಭಾರವಾಗದು. ಅದರಲ್ಲಿ ಆ ಯಂತ್ರದ ಪರವಾನಗಿಗೆ ಹೊಂದುವ ಬರೀ ವಿಂಡೋಸ್ ಇರಲಿ, ಡಿಸ್ಕನ್ನು ತೋರಿಸುವ ಡ್ರೈವರೂ ವೈಫೈ ಡ್ರೈವರೂ ಅದರೊಳಗೇ ಬೆರೆತಿರಲಿ. ಆಂಟಿವೈರಸ್ ಬೇಕಿದ್ದವರು ಆಮೇಲೆ ಹಾಕಿಕೊಳ್ಳುತ್ತಾರೆ. ಪೆನ್‌ಡ್ರೈವ್ ಇಡಲು ಮನಸ್ಸಿಲ್ಲದಿದ್ದರೆ ಕೇಳಿದವರಿಗೆ ಅದನ್ನು ಬಿಟ್ಟಿಯಾಗಿ ತುಂಬಿಕೊಡಿ ಎಂದು ನಿಮ್ಮ ಪ್ರತಿ ಸರ್ವಿಸ್ ಸೆಂಟರಿಗೂ ಬರೆದು ಹೇಳಿ, ವಾರಂಟಿ ಮುಗಿದಿದ್ದರೂ ಸರಿ, ಏಕೆಂದರೆ ಪರವಾನಗಿಗೆ ವಾರಂಟಿಯ ಗಡುವಿಲ್ಲ. ಪೆಟ್ಟಿಗೆಯ ಮೇಲೆ ಪ್ರೊಸೆಸರಿನ ಹೆಸರಿನ ಕೆಳಗೇ ಆವೃತ್ತಿ ಯಾವುದು, ಎಷ್ಟು ಭಾಷೆ, ಡಿಸ್ಕಿಗೆ ಬೀಗ ಬಿದ್ದಿರುತ್ತದೆಯೋ ಇಲ್ಲವೋ ಅಚ್ಚುಮಾಡಿ. ಒಂದು ಪುಟದ ಕನ್ನಡ ಚೀಟಿಯೂ ಇರಲಿ. ಮಾದರಿ ಹಳೆಯದಾಯಿತೆಂದು ಡ್ರೈವರುಗಳನ್ನು ತಾಣದಿಂದ ತೆಗೆಯಬೇಡಿ; ನಮ್ಮ ಕಡೆ ಲ್ಯಾಪ್‌ಟಾಪ್ ಅಣ್ಣನ ಡಿಗ್ರಿ ಮುಗಿದ ಮೇಲೆ ತಂಗಿಗೆ ಹೋಗುತ್ತದೆ, ಅವಳ ಮದುವೆಯಾದ ಮೇಲೆ ಅಪ್ಪನ ಲೆಕ್ಕಕ್ಕೆ ಬರುತ್ತದೆ.

ಪತ್ರ ಬರಹಗಾರರ ಲ್ಯಾಪ್‌ಟಾಪಿನ ಬಿಲ್ಲು, ಸರ್ವಿಸ್ ಸೆಂಟರಿನವರು ಕೊಟ್ಟ ಅಂದಾಜು ಪಟ್ಟಿ ಅವರ ಒಪ್ಪಿಗೆಯ ಮೇಲೆ ನನ್ನಲ್ಲಿವೆ. ನಿಮ್ಮಲ್ಲಿ ಯಾರಿಗಾದರೂ ಇದು ತಮ್ಮದೇ ಮಾದರಿ ಇರಬಹುದೇ ಎಂಬ ಅನುಮಾನ ಬಂದರೆ ಇದು ಪ್ರಕಟವಾದ ಪತ್ರಿಕೆಯ ಮೂಲಕ ಕೇಳಿ, ಪ್ರತಿ ಕಳಿಸುತ್ತೇನೆ. ಅನುಮಾನ ಬಾರದವರು ತಮ್ಮ ಕಾರ್ಖಾನೆಯಿಂದ ಬಂದ ಹೊಸ ಲ್ಯಾಪ್‌ಟಾಪ್ ಒಂದರ ಎಸ್‌ಎಸ್‌ಡಿ ಕಳಚಿ, ಖಾಲಿಯದನ್ನು ಹಾಕಿ, ಪೆಟ್ಟಿಗೆಯಲ್ಲಿ ಸಿಕ್ಕ ಸಾಮಾನಿನಿಂದಷ್ಟೇ ಅದನ್ನು ಎಬ್ಬಿಸಲು ನೋಡಲಿ.

ಇತಿ,
ತಮ್ಮ ವಿಶ್ವಾಸಿ,
ತಾಲ್ಲೂಕು ಕೇಂದ್ರವೊಂದರ ಕಂಪ್ಯೂಟರ್ ರಿಪೇರಿಯವನು